ವಡೆ ಕೊಳ್ಳದ ಆನೆಗಳು

ಒಂದು ಒಗಟು ಬಿಡಿಸಿ ನೋಡೋಣ. ರಾಜ ಖಜಾನೆ ಬಾಗಿಲು ತೆಗೆದ, ದುಡ್ಡು ಹೊರಗೆ ಬಂತು. ಊರಿಂದಾಚೆ ಹೋಗಲಿಲ್ಲ, ಊರವರ ಕೈಗೂ ಸಿಗಲಿಲ್ಲ. ಬಾವಿಗೂ ಬೀಳಲಿಲ್ಲ, ಬಿಲಕ್ಕೂ ಇಳಿಯಲಿಲ್ಲ. ಎಲ್ಲಿ ಹೋಯ್ತು? ಗೊತ್ತಾಗಲ್ಲ ಬಿಡಿ. ಸುಮ್ಮನೆ ತಲೆ ಕೆರ್ಕೋಬೇಡಿ, ಕಥೆ ಕೇಳಿ.

ಹಲಸಿನಕೊಪ್ಪ ಅಂತ ಒಂದು ರಾಜ್ಯ. ಅಂಗೈಯಷ್ಟು ರಾಜ್ಯ. ಈ ಗಡಿಯಲ್ಲಿ ಸೀನಿದರೆ ಆ ಗಡಿಯವರು "ನೂರು ವರ್ಷ ಬಾಳಪ್ಪ" ಅನ್ನೋರು. ಅದಕ್ಕೊಬ್ಬ ರಾಜ, ಚಿಕ್ಕಭೂಪ. ಮಂಡಿನೋವಿನ ರಾಜ, ಅರಮನೆ ಮೆಟ್ಟಿಲು ಇಳಿಯೋದೇ ಅಪರೂಪ. ಅವನ ಪೇಟೆಬೀದಿಯಲ್ಲಿ ವಡೆ ಕರಿಯೋ ಸಣ್ಣೀರವ್ವ.

ಒಂದು ವರ್ಷ ಏನಾಯ್ತು, ಪರವೂರಿನ ವ್ಯಾಪಾರಿಗಳ ಗಾಡಿಗಳು ಬೇರೆ ದಾರಿ ಹಿಡಿದವು. ನೇಕಾರನ ಸೀರೆ ಹೋಗಲಿಲ್ಲ, ಅದಕ್ಕೆ ಅವನು ಚಪ್ಪಲಿ ಕೊಳ್ಳಲಿಲ್ಲ. ಚಪ್ಪಲಿ ಹೋಗಲಿಲ್ಲ, ಅದಕ್ಕೆ ಚಪ್ಪಲಿಯವನು ಮಡಕೆ ಕೊಳ್ಳಲಿಲ್ಲ. ಮಡಕೆ ಹೋಗಲಿಲ್ಲ, ಅದಕ್ಕೆ ಕುಂಬಾರ ವಡೆ ತಿನ್ನಲಿಲ್ಲ. ಎಲ್ಲರೂ ನೊಣ ಹೊಡೀತಾ ಕೂತರು. ಸ್ವಲ್ಪ ದಿನಕ್ಕೆ ನೊಣಗಳೂ ಬೇರೆ ಪೇಟೆ ಹುಡುಕ್ಕೊಂಡು ಹೋದವು.

ರಾಜ ಒಳ್ಳೆಯವನೇ. ಮಂತ್ರಿ ಗುಣನಿಧಿಯನ್ನು ಕರೆಸಿದ.

"ಜನರ ಕೈ ಬರಿದಾಗಿದೆ ಮಂತ್ರಿಗಳೇ. ಊರಿಗೆ ಬೇಕಾದ್ದು ಏನಾದ್ರೂ ಕಟ್ಟಿಸಿ, ಕೂಲಿ ಖಜಾನೆಯಿಂದ ಹೋಗಲಿ. ಕೂಲಿ ಸಿಕ್ಕಿದವನು ಪೇಟೆಗೆ ಬಂದೇ ಬರ್ತಾನೆ."

"ಅಪ್ಪಣೆ ಮಹಾಪ್ರಭು," ಅಂದ ಮಂತ್ರಿ. ಹಲ್ಲು ಸ್ವಲ್ಪ ಜಾಸ್ತಿನೇ ಬಿಟ್ಟ.

ಮೊದಲು ರಸ್ತೆ. ಸಣ್ಣೀರವ್ವ ಬೇಳೆ ರುಬ್ಬಿದಳು, ಒಲೆ ಹಚ್ಚಿದಳು, ಬಾಣಲೆ ಇಟ್ಟಳು. ರಸ್ತೆ ಆಯ್ತು, ವಡೆ ಹೋಗಲಿಲ್ಲ. ಆಮೇಲೆ ಛತ್ರ. ಮತ್ತೆ ರುಬ್ಬಿದಳು, ಹಚ್ಚಿದಳು, ಇಟ್ಟಳು. ಛತ್ರ ಎದ್ದಿತು, ವಡೆ ಹೋಗಲಿಲ್ಲ. ಮೂರನೆಯದು ಕೆರೆ ಹೂಳೆತ್ತೋ ಕೆಲಸ. ಸಣ್ಣೀರವ್ವ ಬಾಣಲೆ ಸವರಿ ಹೇಳಿದಳು, "ನಮ್ಮವ್ವನ ಕಾಲದಿಂದ ಇದ್ದೀಯ. ಈ ಸಲವೂ ಹಿಂಗೇ ಆದ್ರೆ ನಿನ್ನ ಮಾರಿ ಊರು ಬಿಡ್ತೀನಿ. ಬೈಕೋಬೇಡ ಕಣೆ."

ವಡೆ ಬೆಂದವು, ಆರಿದವು. ಸಂಜೆಗೆ ಒಂದು ಆನೆ ಬಂತು, ಮೈಯೆಲ್ಲ ಕೆಸರು.

"ಅವ್ವಾ, ಒಂದು ವಡೆ ಕೊಡು."

"ಕಾಸು?"

"ಆನೆಗೆ ಯಾರವ್ವ ಕಾಸು ಕೊಡ್ತಾರೆ? ನಾನು ಮಂತ್ರಿ ಮನೆ ಆನೆ. ರಸ್ತೆಗೆ ಕಲ್ಲು ಎಳೆದಿದ್ದು ನಾವೇ, ಛತ್ರಕ್ಕೆ ಕಂಬ ಎತ್ತಿದ್ದು ನಾವೇ, ಈಗ ಹೂಳು ಹೊರೋದೂ ನಾವೇ. ಊರೆಲ್ಲ ದುಡೀತಿದೆ ಅಂತ ಮಂತ್ರಿಗಳು ರಾಜರಿಗೆ ಹೇಳ್ತಾರೆ. ಆನೆಗಳಿಂದಲೇ ಮಾಡಿಸಬೇಕು, ರಾಜರ ಅಪ್ಪಣೆ ಅಂತ ಊರಿಗೆ ಹೇಳ್ತಾರೆ. ಕೂಲಿಯೆಲ್ಲ ಮಂತ್ರಿ ಮನೆ ಅಟ್ಟಕ್ಕೆ, ಒಣಹುಲ್ಲು ನಮಗೆ."

ಸಣ್ಣೀರವ್ವ ಅದರ ಬಾಯಿಗೆ ಒಂದು ವಡೆ ಹಾಕಿ, ಒಳಗೊಳಗೇ ನಕ್ಕಳು. ಯಾಕಂದ್ರೆ ಆ ರಾಜ್ಯದಲ್ಲೊಂದು ಪದ್ಧತಿ ಇತ್ತು. ರಸ್ತೆಗಿಲ್ಲ, ಛತ್ರಕ್ಕಿಲ್ಲ, ಕೆರೆಗೆ ಮಾತ್ರ. ಕೆಲಸ ಮುಗಿದ ದಿನ ಮಣ್ಣು ಹೊತ್ತವರ ಕಾಲನ್ನು ರಾಜನೇ ತೊಳೆದು, ಕೈಗೊಂದು ವಡೆ ಕೊಡಬೇಕು. ಇಲ್ಲದಿದ್ರೆ ಕೆರೆ ತುಂಬಲ್ಲ ಅಂತ ನಂಬಿಕೆ.

ಮಾರನೇ ದಿನ ಅವಳು ಅರಮನೆಗೆ ಹೋದಳು. "ಬುದ್ಧಿ, ಕಾಲು ತೊಳೆಯೋ ದಿನಕ್ಕೆ ಎಷ್ಟು ಜನಕ್ಕೆ ವಡೆ ಕರೀಲಿ?"

ರಾಜ ಮಂತ್ರಿ ಕಡೆ ತಿರುಗಿದ.

"ಇಡೀ ಊರಿಗೆ," ಅಂದುಬಿಟ್ಟ ಮಂತ್ರಿ. ಅಂದಮೇಲೆ ಬೆವೆತ.

ಬೆವರು ಒರೆಸ್ಕೊಂಡು ಮನೆಮನೆಗೂ ಓಡಿದ. "ಅಣ್ಣಾ, ಕಾಲಿಗೆ ಒಂಚೂರು ಕೆಸರು ಮೆತ್ಕೊಂಡು ಸಾಲಲ್ಲಿ ನಿಂತ್ಕೋ. ವಡೆ ಪುಕ್ಕಟೆ." ಅವನ ಬೆನ್ನ ಹಿಂದೆಯೇ ಸಣ್ಣೀರವ್ವ ಹೋದಳು. "ಅವರು ಹೇಳಿದ ಹಾಗೇ ನಿಂತ್ಕೊಳ್ಳಿ. ರಾಜರು ಏನಾದ್ರೂ ಕೇಳಿದ್ರೆ ಮಾತ್ರ ಸುಳ್ಳು ಹೇಳಬೇಡಿ."

ಆ ದಿನ ಬಂತು. ರಾಜ ಮೇನೆಯಲ್ಲಿ ಬಂದ, "ಅಯ್ಯಪ್ಪಾ" ಅಂತ ಮಂಡಿ ಊರಿದ, ಕುಂಬಾರನ ಕಾಲಿಗೆ ನೀರು ಹಾಕಿದ.

"ಕೂಲಿ ಸಾಕಾಯ್ತೇನಪ್ಪ?"

"ಒಂದು ಕಾಸೂ ಬಂದಿಲ್ಲ ಬುದ್ಧಿ."

ನೇಕಾರನ ಕಾಲು ತೊಳೆದ. "ನಿನಗೆ?"

"ನನಗೂ ಇಲ್ಲ ಬುದ್ಧಿ."

ಚಪ್ಪಲಿಯವನ ಕಾಲು ತೊಳೆದ. "ನಿನಗಾದ್ರೂ?"

"ಕೆಸರು ಮಾತ್ರ ಸಿಕ್ತು ಬುದ್ಧಿ. ಅದೂ ಈಗ ಹೋಯ್ತು."

ರಾಜ ತಂಬಿಗೆ ಕೆಳಗಿಟ್ಟ. "ಮಂತ್ರಿಗಳೇ, ಇವರು ದುಡಿದಿದ್ರೆ ಕೂಲಿ ಕೊಡಿ. ದುಡಿದಿಲ್ಲ ಅಂದ್ರೆ, ಮೂರು ಸಲ ಖಜಾನೆಯಿಂದ ತಗೊಂಡು ಹೋಗಿದ್ದು ಯಾರ ಕೂಲಿ?"

ಮಂತ್ರಿಯ ಬೆನ್ನ ಹಿಂದಿನಿಂದ ಆನೆ ಒಂದು ಸಲ ಘೀಳಿಟ್ಟಿತು.

"ಅಟ್ಟದಲ್ಲಿದೆ," ಅಂದ ಮಂತ್ರಿ.

ಸಣ್ಣೀರವ್ವ ಮುಂದೆ ಬಂದಳು. "ಬುದ್ಧಿ, ನಮ್ಮ ಜನ ಪುಕ್ಕಟೆ ಕೂಲಿ ತಿನ್ನೋರಲ್ಲ. ಕೆರೆಯೇನೋ ಆಯ್ತು, ಕಾಲುವೆ ಆಗಿಲ್ಲ. ಆ ದುಡ್ಡಿಗೆ ಕಾಲುವೆ ತೋಡ್ತಾರೆ. ಆನೆಗಳು ಮನೆಯಲ್ಲಿ ಮಲಗಿರಲಿ ಪಾಪ."

ಹಾಗೇ ಆಯ್ತು. ಕೂಲಿ ಸಿಕ್ಕ ಕುಂಬಾರ ವಡೆ ತಿಂದ. ವಡೆ ಮಾರಿದ ಸಣ್ಣೀರವ್ವ ಸೀರೆ ಕೊಂಡಳು. ಸೀರೆ ಮಾರಿದ ನೇಕಾರ ಚಪ್ಪಲಿ ಕೊಂಡ. ಚಪ್ಪಲಿಯವನು ಮಡಕೆ ಕೊಂಡ. ನೊಣಗಳು ಕೂಡ ವಾಪಸ್ ಬಂದವು. ಬಾಣಲೆ ಒಲೆಯಿಂದ ಇಳಿಯಲೇ ಇಲ್ಲ.

ಗುಣನಿಧಿ ಏನಾದ ಅಂತೀರಾ? ತಲೆ ಮೇಲೊಂದು ಬುಟ್ಟಿ ಹೊತ್ತು, ಕೂಲಿಯಿಲ್ಲದೆ ಕಾಲುವೆ ಮಣ್ಣು ಸಾಗಿಸಿದ. ಮಧ್ಯಾಹ್ನ ಹೊಟ್ಟೆ ಚುರುಗುಟ್ಟಿ ಪೇಟೆಗೆ ಬಂದ. "ಅವ್ವಾ, ಒಂದು ವಡೆ."

"ಕಾಸು?" ಅಂದಳು ಸಣ್ಣೀರವ್ವ.

ನೀತಿ ಇಷ್ಟೇ: ಪೇಟೆ ಮಲಗಿದಾಗ ರಾಜ ಖರ್ಚು ಮಾಡಬೇಕು, ಸರಿ. ಆದ್ರೆ ಆ ದುಡ್ಡು, ಕೊಂಡು ತಿನ್ನೋರ ಕೈಗೆ ಸೇರಿದರೆ ಮಾತ್ರ ಪೇಟೆ ಏಳೋದು.

ನಿಜ ಹೇಳಿಬಿಡ್ತೀನಿ. ಮಂತ್ರಿ ಮಣ್ಣು ಹೊತ್ತಿದ್ದು ನಾನು ಸೇರಿಸಿದ್ದು. ನನಗೆ ಕಥೆ ಹೇಳಿದವರು ಕೂಲಿ ಹಂಚಿದಲ್ಲಿಗೇ ನಿಲ್ಲಿಸಿ, ಪಂಚೆ ಕೊಡವಿಕೊಂಡು ಎದ್ದು ಹೋದರು. ಯಾರಾದ್ರೂ ಅವನ ತಲೆ ಮೇಲೆ ಬುಟ್ಟಿ ಇಡಬೇಕಿತ್ತಲ್ಲ. ನಾನೇ ಇಟ್ಟೆ.