ಒಂದೇ ಗಾಲಿಯ ಬ್ರೇಕು

"ಬುದ್ಧಿ, ನಾನು ಸಿಟ್ಟು ಬಿಟ್ಟು ವರ್ಷದ ಮೇಲಾಯಿತು. ಆದರೂ ನನ್ನ ಮನೆಯಲ್ಲಿ ನೆಮ್ಮದಿ ಯಾಕಿಲ್ಲ?"

ಕೇಳಿದವನು ಚನ್ನಮಲ್ಲಪ್ಪ. ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ ಇಟ್ಟವನು, ಮಠದ ಹಳೆಯ ಶಿಷ್ಯ. ಬುದ್ಧಿಯವರು, ಎಂದರೆ ಆ ಮಠದ ಸ್ವಾಮಿಗಳು, ಜಗಲಿಯ ಮೇಲೆ ಕೂತು ದಾಸೋಹಕ್ಕೆ ಅವರೆಕಾಯಿ ಸುಲಿಯುತ್ತಿದ್ದರು. ಅವರು ತಲೆ ಎತ್ತಲಿಲ್ಲ. ಮೊರವನ್ನು ಅವನ ಕಡೆಗೆ ತಳ್ಳಿದರು. ಕೈ ಕಟ್ಟಿಕೊಂಡು ಕೂತು ಪ್ರಶ್ನೆ ಕೇಳುವವರನ್ನು ಕಂಡರೆ ಅವರಿಗೆ ಆಗದು. ಚನ್ನಮಲ್ಲಪ್ಪನೂ ಸುಲಿಯತೊಡಗಿದ.

"ಎಲ್ಲಿ ಬಿಟ್ಟೆ?" ಎಂದರು ಬುದ್ಧಿಯವರು.

"ಏನನ್ನು ಬುದ್ಧಿ?"

"ಸಿಟ್ಟನ್ನಯ್ಯ. ಬಿಟ್ಟೆ ಅಂದೆಯಲ್ಲ. ಎಲ್ಲಿ ಬಿಟ್ಟೆ?"

"ಅಂಗಡಿಯಲ್ಲಿ ಬುದ್ಧಿ. ತಮ್ಮ ಮುಂದೆಯೇ ಆಣೆ ಮಾಡಿದ್ದೆನಲ್ಲ. ನಿನ್ನೆ ಒಬ್ಬ ಹೆಂಗಸು ಬಂದಳು. ಅಟ್ಟದ ಮೇಲಿನ ಕೊಳಗಗಳನ್ನೆಲ್ಲ ಇಳಿಸಿದಳು. ಒಂದೊಂದನ್ನೂ ಕುಟ್ಟಿ ನೋಡಿದಳು. ಕೊನೆಗೆ ತೆಗೆದುಕೊಂಡದ್ದು ಒಂದು ಸೌಟು! ಆದರೂ ನಾನು ಕೈ ಮುಗಿದು, 'ಮತ್ತೆ ಬನ್ನಿ ತಾಯಿ' ಎಂದೆ. ಈಗ ಬೀದಿಯವರೆಲ್ಲ ನನ್ನನ್ನು ಶಾಂತಪ್ಪ ಅಂತಲೇ ಕರೆಯುತ್ತಾರೆ."

ಇಷ್ಟು ಹೇಳುವಾಗ ಅವನ ಮುಖ ಅರಳಿತ್ತು. ಮುಂದಿನದನ್ನು ಹೇಳುವಾಗ ಬಾಡಿತು.

"ಆದರೆ ಮಗಳು ದಾಕ್ಷಾಯಿಣಿ ನನ್ನ ಸಂಗಡ ಮಾತು ಬಿಟ್ಟಿದ್ದಾಳೆ ಬುದ್ಧಿ. ನನ್ನ ಸ್ಕೂಟರ್ ಸದ್ದು ಕೇಳಿದರೆ ಎದ್ದು ಒಳಗೆ ಹೋಗುತ್ತಾಳೆ. ಸೋಮವಾರದಿಂದ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಾಳಂತೆ. ಬಟ್ಟೆ ಜೋಡಿಸಿ ಇಟ್ಟುಕೊಂಡಿದ್ದಾಳೆ. ಯಾಕಮ್ಮ ಅಂದರೆ ಬಾಯಿ ಬಿಡುವುದಿಲ್ಲ. ನಾನು ಸಿಡುಕನಾಗಿದ್ದಾಗಲೂ ಅವಳು ಹೀಗಿರಲಿಲ್ಲ. ಸಿಟ್ಟು ಬಿಟ್ಟ ಮೇಲೇ ಹೀಗಾಗಿದ್ದು. ನನಗೆ ತಲೆಬುಡ ತಿಳಿಯುತ್ತಿಲ್ಲ."

ನಿಜಕ್ಕೂ ಅವನಿಗೆ ತಿಳಿದಿರಲಿಲ್ಲ. ಮೊದಲು ಮೊಬೈಲಿನ ಮೇಲೆ ಅನುಮಾನ ಬಂತು, ಕಿತ್ತಿಟ್ಟ. ಆಮೇಲೆ ಕಾಲೇಜಿನ ಗೆಳತಿಯರ ಮೇಲೆ ಬಂತು. ಆಮೇಲೆ ಹೆಂಡತಿಯ ಮುದ್ದಿನ ಮೇಲೆ. ಕಡೆಗೆ ವಾಸ್ತು ಹೇಳುವವನನ್ನು ಕರೆಸಿ ಒಲೆಯ ದಿಕ್ಕನ್ನೇ ಬದಲಾಯಿಸಿದ. ಒಲೆ ತಿರುಗಿತು, ಮಗಳು ತಿರುಗಲಿಲ್ಲ. ಒಬ್ಬಳೇ ಮಗಳು. ಅವಳು ಹೊರಟುಹೋದರೆ ಆ ಮನೆಯಲ್ಲಿ ತಾನು ಹೇಗಿರುವುದು ಎಂದು ಅವನಿಗೆ ತೋಚುತ್ತಿರಲಿಲ್ಲ.

ಬುದ್ಧಿಯವರು ಒಂದು ಹುಳುಕು ಕಾಯನ್ನು ಆಚೆ ಎಸೆದರು.

"ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಕೈ ಮಾತ್ರ ನಿಲ್ಲಿಸಬೇಡ," ಎಂದು ಶುರುಮಾಡಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಬಳಿ ಒಂದು ಹಳೆಯ ಕಾರಿತ್ತು. ಗೇರಿನ ಕಡ್ಡಿ ಸ್ಟಿಯರಿಂಗಿನ ಪಕ್ಕದಲ್ಲೇ ಇರುತ್ತಿದ್ದ ಕಾಲದ್ದು. ಮದುವೆಯಲ್ಲಿ ಮಾವ ಕೊಟ್ಟದ್ದು. ಅದರ ಮೇಲೆ ಅವನಿಗಿದ್ದ ಅಕ್ಕರೆ ಅಷ್ಟಿಷ್ಟಲ್ಲ. ಬೆಳಗಾದರೆ ಒರೆಸುತ್ತಿದ್ದ. ಹೊಸ ಬಣ್ಣ ಹೊಡೆಸಿದ. ಸೀಟಿಗೆ ಹೊಸ ಬಟ್ಟೆ ಹೊಲಿಸಿದ. ಊರೆಲ್ಲ ತಿರುಗಿ ನೋಡುವಂಥ ಹಾರ್ನ್ ಹಾಕಿಸಿದ. ಬ್ರೇಕು ಮಾತ್ರ ಮಾವನ ಕಾಲದ್ದೇ. ಗಾಲಿಯೊಳಗೆ ಡಬ್ಬಿಯಂತೆ ಕೂತಿರುವ ಡ್ರಮ್ ಬ್ರೇಕು. ಪೆಡಲನ್ನು ಎರಡು ಮೂರು ಸಲ ತುಳಿದರೆ ಆಗ ಹಿಡಿಯುತ್ತಿತ್ತು. ಗಾಡಿ ತಡವಾಗಿ ನಿಲ್ಲುತ್ತಿತ್ತು. ಆದರೆ ನೇರವಾಗಿ ನಿಲ್ಲುತ್ತಿತ್ತು.

ವ್ಯಾಪಾರಿಯ ಹೆಂಡತಿಯ ತವರು ಬೆಟ್ಟದ ಮೇಲಿನ ಊರು. ದಾರಿಯುದ್ದಕ್ಕೂ ಕಡಿದಾದ ತಿರುವುಗಳು. ಹೋಗುವಾಗ ಅವಳು ಹಾಡು ಗುನುಗುತ್ತ ಹೋಗುವಳು. ಇಳಿಯುವಾಗ ಪ್ರಾಣ ಕೈಯಲ್ಲಿ ಹಿಡಿದು ಕೂತಿರುವಳು. ಒಂದು ದಿನ ಅವಳು ಹೇಳಿಯೇಬಿಟ್ಟಳು. "ಏನೂಂದ್ರೆ, ಬಣ್ಣ ಬಳಿದದ್ದು ಸಾಕು. ಮೊದಲು ಬ್ರೇಕು ಮಾಡಿಸಿ."

ವ್ಯಾಪಾರಿಗೂ ಹೌದೆನ್ನಿಸಿತು. ಆದರೆ ಕೈಯಲ್ಲಿದ್ದ ದುಡ್ಡೆಲ್ಲ ಬಣ್ಣಕ್ಕೆ ಹೋಗಿತ್ತು. ಈಗಿನ ಕಾರುಗಳಲ್ಲಿ ಇರುತ್ತದಲ್ಲ, ತಟ್ಟೆಯಂಥ ಡಿಸ್ಕ್ ಬ್ರೇಕು, ಅದನ್ನು ಮುಂದಿನ ಎರಡೂ ಗಾಲಿಗೆ ಹೊಸದಾಗಿ ಹಾಕಿಸುವಷ್ಟು ಶಕ್ತಿ ಅವನಿಗಿರಲಿಲ್ಲ. ಗುಜರಿ ಅಂಗಡಿಗಳನ್ನು ಸುತ್ತಿದ. ಒಂದು ಕಡೆ ಜಖಂ ಆದ ಕಾರೊಂದು ಬಿದ್ದಿತ್ತು. ಅದರ ಬಲಗಾಲಿಯ ಡಿಸ್ಕ್ ಬ್ರೇಕು ಚಿನ್ನದ ಹಾಗಿತ್ತು. ಎಡಗಡೆ ನಜ್ಜುಗುಜ್ಜಾಗಿ ಹೋಗಿತ್ತು, ಬಿಚ್ಚಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. ಗುಜರಿಯವನು ಸಿಕ್ಕ ಬೆಲೆಗೆ ಕೊಟ್ಟ. ವ್ಯಾಪಾರಿ ಅದನ್ನು ಚೀಲಕ್ಕೆ ಹಾಕಿಕೊಂಡು ಕುಣಿಯುತ್ತ ಮೆಕ್ಯಾನಿಕ್ಕಿನ ಹತ್ತಿರ ಬಂದ.

ಮೆಕ್ಯಾನಿಕ್ ಕೇಳಿದ, "ಇದರ ಜೋಡಿ ಎಲ್ಲಿ ಸಾರ್? ಬ್ರೇಕು ಅಂದಮೇಲೆ ಎರಡೂ ಕಡೆ ಒಂದೇ ಸಮ ಇರಬೇಕು."

"ಇನ್ನೊಂದನ್ನು ದೀಪಾವಳಿಗೆ ಹಾಕೋಣ. ಇರುವುದನ್ನು ಈಗ ಹಾಕು. ನಾನು ಕೂರುವ ಕಡೆಯದೇ ಸಿಕ್ಕಿದೆಯಲ್ಲ, ಅದೇ ನನ್ನ ಪುಣ್ಯ!"

ಮೆಕ್ಯಾನಿಕ್ ತಲೆ ಕೆರೆದುಕೊಂಡ. ಅವನಿಗೂ ಹೊಟ್ಟೆಪಾಡು. ಗಿರಾಕಿಯನ್ನು ವಾಪಸು ಕಳಿಸುವ ಮನಸ್ಸಿರಲಿಲ್ಲ. ಬಲಗಾಲಿಗೆ ಹೊಸ ಬ್ರೇಕು ಕೂರಿಸಿಕೊಟ್ಟ.

ಇಲ್ಲಿ ಚನ್ನಮಲ್ಲಪ್ಪ ತಡೆಯಲಾರದೆ ಬಾಯಿ ಹಾಕಿದ. "ಅಷ್ಟಾದರೂ ಮಾಡಿಸಿದನಲ್ಲ ಬುದ್ಧಿ. ಏನೂ ಇಲ್ಲದ್ದಕ್ಕಿಂತ ಒಂದು ಗಾಲಿಗಾದರೂ ಇರುವುದು ಮೇಲು."

"ಆಹಾ! ಮೆಕ್ಯಾನಿಕ್ಕಿಗೆ ನೀನೊಬ್ಬ ಸಿಕ್ಕಿದ್ದರೆ ಸಾಕಿತ್ತು," ಎಂದರು ಬುದ್ಧಿಯವರು. "ಕಾಯಿ ಸುಲಿ."

ಊರೊಳಗೆ ಆ ಬ್ರೇಕಿಗೆ ಎಲ್ಲಿಲ್ಲದ ಹೆಸರು ಬಂತು. ಸಂತೆಯ ನಡುವೆ ಒಂದು ನಾಯಿ ಅಡ್ಡ ಬಂದಿತು. ವ್ಯಾಪಾರಿ ಪೆಡಲು ಮುಟ್ಟಿದ್ದೇ ತಡ, ಕಾರು ಗಪ್ಪೆಂದು ನಿಂತಿತು. ಟೀ ಅಂಗಡಿಯವರು ಎದ್ದು ನಿಂತು ಶಭಾಷ್ ಎಂದರು. ಮೆಲ್ಲಗೆ ಹೋಗುವಾಗ ಯಾರಿಗೆ ಏನು ಗೊತ್ತಾಗುತ್ತದೆ? ವ್ಯಾಪಾರಿ ಮೀಸೆ ತಿರುವಿಕೊಂಡು ಓಡಾಡಿದ.

ಬೆಟ್ಟ ಇಳಿಯುವಾಗ ಮಾತ್ರ ಬೇರೆಯೇ ಆಯಿತು. ಜೋರಾಗಿ ಬ್ರೇಕು ತುಳಿದಾಗೆಲ್ಲ ಕಾರು ಬಲಕ್ಕೆ ಎಳೆಯಿತು. ವ್ಯಾಪಾರಿ ಕಂಗಾಲಾದ. ಹೊಸ ಬ್ರೇಕು ಹಾಕಿಸಿದ ಮೇಲೆ ಗಾಡಿ ಮೊದಲಿಗಿಂತ ಕೆಟ್ಟುಹೋಗುವುದೆಂದರೇನು? ಟೈರಿನ ಗಾಳಿ ನೋಡಿಸಿದ, ಸರಿಯಿತ್ತು. ಸ್ಟಿಯರಿಂಗ್ ಬಿಚ್ಚಿಸಿದ, ಸರಿಯಿತ್ತು. ರಸ್ತೆಯೇ ವಾಲಿದೆ ಎಂದ. ಯಾರದೋ ಕಣ್ಣು ಬಿದ್ದಿದೆ ಎಂದು ಮುಂದಕ್ಕೆ ನಿಂಬೆಹಣ್ಣು ಕಟ್ಟಿದ. ನೀನು ನನ್ನ ಕಡೆಗೆ ಒರಗಿ ಕೂರುತ್ತೀಯ, ಆ ಭಾರಕ್ಕೇ ಹೀಗೆ ಎಂದು ಹೆಂಡತಿಯನ್ನು ಬಾಗಿಲಿಗೆ ಆತು ಕೂರುವಂತೆ ಮಾಡಿದ. ಎಲ್ಲವನ್ನೂ ಅನುಮಾನಿಸಿದ, ಆ ಹೊಸ ಬ್ರೇಕೊಂದನ್ನು ಬಿಟ್ಟು. ಊರೇ ಹೊಗಳಿದ ಬ್ರೇಕಲ್ಲವೇ ಅದು!

ಹೆಂಡತಿ ಒಂದು ಮಾತೂ ಆಡದೆ ಎಡಗಡೆಯ ಬಾಗಿಲಿಗೆ ಆತು ಕೂತಳು. ಅವನು ಬ್ರೇಕು ತುಳಿದಾಗೆಲ್ಲ ಅವಳೂ ತನ್ನ ಕಾಲಿನಿಂದ ನೆಲವನ್ನು ಗಟ್ಟಿಯಾಗಿ ಒತ್ತುತ್ತಿದ್ದಳು. ವ್ಯಾಪಾರಿ ಅದನ್ನು ನೋಡಿ ನಕ್ಕ. "ಅಲ್ಲಿ ಪೆಡಲಿಲ್ಲ ಕಣೇ!"

ಚನ್ನಮಲ್ಲಪ್ಪನೂ ನಕ್ಕ. ನಗುವಾಗಲೇ, ಯಾಕೋ ಏನೋ, ನಿನ್ನೆ ಸಂಜೆಯದು ನೆನಪಾಯಿತು. ಸೌಟಿನ ಹೆಂಗಸನ್ನು ಕಳಿಸಿ, ಅಂಗಡಿ ಮುಚ್ಚಿ ಮನೆಗೆ ಹೋಗಿದ್ದ. ದಾಕ್ಷಾಯಿಣಿಯ ಕೈಯಿಂದ ಲೋಟ ಜಾರಿ ಬಿತ್ತು. ತಾನು ಏನೋ ಅಂದಿದ್ದ. ಜೋರಾಗಿಯೇ ಅಂದಿದ್ದ. ಏನಂದೆ ಎನ್ನುವುದು ಮಾತ್ರ ನೆನಪಿಗೆ ಬರಲಿಲ್ಲ. ಅವಳು ಗೋಡೆಗೆ ಬೆನ್ನು ಆನಿಸಿ ನಿಂತದ್ದು, ಕಾಲಿನ ಹೆಬ್ಬೆರಳಿನಿಂದ ನೆಲ ಒತ್ತಿ ಹಿಡಿದದ್ದು ಕಣ್ಣಿಗೆ ಬಂತು. ಮನೆ ಅಂದಮೇಲೆ ಒಂದು ಮಾತು ಬರುತ್ತದೆ, ಹೋಗುತ್ತದೆ ಎಂದುಕೊಂಡು ಅವನು ಇನ್ನೊಂದು ಹಿಡಿ ಕಾಯಿ ತೆಗೆದುಕೊಂಡ.

ಬುದ್ಧಿಯವರು ಮುಂದುವರಿಸಿದರು.

ಒಂದು ದಿನ ಇಬ್ಬರೂ ತವರಿನಿಂದ ಇಳಿದು ಬರುತ್ತಿದ್ದರು. ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ವ್ಯಾಪಾರಿ ಇದ್ದ ಶಕ್ತಿಯನ್ನೆಲ್ಲ ಹಾಕಿ ಬ್ರೇಕು ತುಳಿದ. ಬಲಗಾಲಿ ಹಿಡಿಯಿತು. ಎಡಗಾಲಿ ತನ್ನ ಹಳೆಯ ಚಾಳಿಯಂತೆ ಇನ್ನೂ ಉರುಳುತ್ತಿತ್ತು. ಕಾರು ಹಿಡಿದ ಗಾಲಿಯ ಕಡೆಗೆ ಗಿರಕ್ಕನೆ ತಿರುಗಿ ರಸ್ತೆಗೆ ಅಡ್ಡವಾಗಿ ನಿಂತಿತು. ಎಡಗಡೆಯ ಬಾಗಿಲು ಬಸ್ಸಿಗೆ ಎದುರಾಯಿತು. ಬಸ್ಸಿನವನೂ ಬ್ರೇಕು ಹಾಕಿದ, ಆದರೆ ಅಷ್ಟು ಜಾಗವಿರಲಿಲ್ಲ. ಬಸ್ಸು ಬಂದು ಆ ಬಾಗಿಲನ್ನು ಒಳಕ್ಕೆ ಒತ್ತಿತು.

ವ್ಯಾಪಾರಿ ತನ್ನ ಕಡೆಯ ಬಾಗಿಲು ತೆಗೆದು ಇಳಿದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಬಸ್ಸಿನ ಜನ ಇಳಿದು ಬಂದು ಅವನ ಹೆಂಡತಿಯನ್ನು ಹೊರಗೆ ತೆಗೆಯುತ್ತಿದ್ದರು. ಅವನು ಎಲ್ಲರ ಮುಖವನ್ನೂ ನೋಡುತ್ತ, "ಬ್ರೇಕು ಹಿಡಿಯಿತಲ್ಲ! ಹಿಡಿಯಿತಲ್ಲ!" ಎನ್ನುತ್ತಲೇ ಇದ್ದ.

ಬುದ್ಧಿಯವರು ಕತೆಯನ್ನು ಅಲ್ಲಿಗೆ ಬಿಟ್ಟು ಇನ್ನೊಂದು ಕಾಯಿ ಎತ್ತಿಕೊಂಡರು. ಚನ್ನಮಲ್ಲಪ್ಪ ಸುಲಿಯುವುದನ್ನು ಮರೆತು ಕೇಳಿದ.

"ಆಕೆ ಬದುಕಿದಳೇ ಬುದ್ಧಿ?"

"ಬದುಕಿದಳು. ಎಡಗಾಲು ಎಳೆದುಕೊಂಡು ನಡೆಯುತ್ತಾಳೆ. ಗಂಡನಿಗೆ ಹೊತ್ತು ಹೊತ್ತಿಗೆ ಬಡಿಸುತ್ತಾಳೆ. ಆದರೆ ತವರಿಗೆ ಹೋಗುವಾಗ ಬಸ್ಸು ಹತ್ತುತ್ತಾಳೆ. ಅವನು ಕಾರಿನ ಬಾಗಿಲು ತೆಗೆದು ನಿಂತುಕೊಳ್ಳುತ್ತಾನೆ. ಅವಳು ಅದರ ಪಕ್ಕದಲ್ಲೇ ನಡೆದು ಹೋಗುತ್ತಾಳೆ."

ಚನ್ನಮಲ್ಲಪ್ಪನಿಗೆ ಇದು ಸರಿಕಾಣಲಿಲ್ಲ. ಏನೋ ಎಲ್ಲಿಯೋ ಕೊಂಡಿ ತಪ್ಪಿದಂತಾಯಿತು. "ಆದರೆ ಅವನಲ್ಲಿ ದುಡ್ಡಿರಲಿಲ್ಲವಲ್ಲ ಬುದ್ಧಿ. ಇದ್ದಷ್ಟರಲ್ಲಿ ಇನ್ನೇನು ಮಾಡಬೇಕಿತ್ತು?"

"ಇದ್ದಷ್ಟರಲ್ಲೇ ಆಗುತ್ತಿತ್ತು ಕಣಯ್ಯ. ಆ ಹಳೆಯ ಡ್ರಮ್ ಬ್ರೇಕಿನ ಒಳಗೆ ಲೈನರ್ ಅಂತ ಪಟ್ಟಿ ಇರುತ್ತದೆ, ಸವೆದುಹೋಗಿರುತ್ತದೆ. ಅದೇ ದುಡ್ಡಿನಲ್ಲಿ ಎರಡೂ ಕಡೆಗೆ ಹೊಸ ಪಟ್ಟಿ ಹಾಕಿಸಬಹುದಿತ್ತು. ಯಾರೂ ಶಭಾಷ್ ಅನ್ನುತ್ತಿರಲಿಲ್ಲ. ಸಾಧಾರಣ ಬ್ರೇಕು. ಆದರೆ ಅವನಿಗೂ ಅಷ್ಟೇ, ಅವಳಿಗೂ ಅಷ್ಟೇ."

ಈಗ ಚನ್ನಮಲ್ಲಪ್ಪನಿಗೆ ಆ ವ್ಯಾಪಾರಿಯ ಮೇಲೆ ರೇಗಿಹೋಯಿತು. ವರ್ಷದಿಂದ ಹಿಡಿದಿಟ್ಟಿದ್ದ ಆಣೆಯೂ ನೆನಪಾಗಲಿಲ್ಲ. ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಬಿಸಾಡಿದ.

"ಎಂಥ ಮನುಷ್ಯ ಬುದ್ಧಿ ಅವನು! ಹೊಗಳುವವರು ಇದ್ದ ಕಡೆ ಚೆನ್ನಾಗಿ ನಿಂತರೆ ಆಗಿಹೋಯಿತೇ? ತಾನು ಕೂರುವ ಕಡೆಗೆ ಒಳ್ಳೆಯ ಬ್ರೇಕು ಹಾಕಿಸಿಕೊಂಡು ಹಾಯಾಗಿದ್ದನಲ್ಲ, ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತವಳ ಗತಿ ಏನು ಅಂತ ಒಂದು ದಿನವಾದರೂ ತಿರುಗಿ ನೋಡಬೇಡವೇ?"

ಬುದ್ಧಿಯವರು ಆಗ ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು.

"ನಿನ್ನ ಮಗಳು ಕೂತಿರುವುದು ಎಡಗಡೆ ಕಣಯ್ಯ."

ನಿನ್ನೆ ಲೋಟ ಬಿದ್ದಾಗ ಮಗಳಿಗೆ ತಾನು ಏನಂದೆ ಎನ್ನುವುದು ಚನ್ನಮಲ್ಲಪ್ಪನಿಗೆ ಈಗ ನೆನಪಾಯಿತು.