ರಾಣಿ ಅಳೆಸಿದ ಹಗ್ಗ

ಬೆಟ್ಟದ ನೆತ್ತಿಯ ಮೇಲೆ ಒಂದು ಕೋಟೆ. ಅದನ್ನು ಆಳುವವಳು ರಾಣಿ ಮಲ್ಲಾಜಮ್ಮ. ಕೋಟೆಗೆಲ್ಲ ನೀರು ಕೊಡೋದು ಒಂದೇ ಬಾವಿ. ಬಾವಿಯ ಹಗ್ಗ ನಲವತ್ತು ಮೊಳ ಇರಬೇಕು ಅಂತ ಕಟ್ಟಳೆ. ಅಳೆಯೋದು ಗುರುಮಲ್ಲನ ತೋಳು. ಅವನು ಹೇಳಿದ್ದೇ ಅಳತೆ.

ಒಂದು ದಿನ ನೀರು ಸೇದೋ ಬೊಮ್ಮ ಕಾಲು ಜಾರಿ ಬಾವಿಗೆ ಬಿದ್ದ. ಜನ ಆಗಷ್ಟೇ ಅಳೆದು ತಂದಿದ್ದ ಹೊಸ ಹಗ್ಗ ಇಳಿಬಿಟ್ಟರು. ಬೊಮ್ಮ ಕೈ ಚಾಚಿದ. ಎಟುಕಲಿಲ್ಲ. ಇನ್ನೊಂದು ಹಗ್ಗ ತರೋವಷ್ಟರಲ್ಲಿ ಮುಳುಗಿಹೋದ.

ರಾಣಿ ಗುರುಮಲ್ಲನನ್ನು ಕರೆಸಿದಳು.

"ಹಗ್ಗ ಸರಿಯಾಗೇ ಇತ್ತು ತಾಯಿ. ಬಾವಿಯ ನೀರೇ ಕೆಳಗಿಳಿದಿದೆ" ಅಂದ.

ರಾಣಿ ಅಷ್ಟಕ್ಕೇ ಬಿಡಲಿಲ್ಲ. ಹಗ್ಗ ಹೊಸೆಯುವ ಈರಕ್ಕನನ್ನು ಕೇಳಿದಳು.

"ಏನು ಹೇಳಲಿ ತಾಯಿ? ನಾನು ಎಷ್ಟುದ್ದ ಹೊಸೆದರೂ ಗುರುಮಲ್ಲ ಗಿಡ್ಡ ಅಂತಾನೆ. ಅವನ ಭಾವಮೈದ ಹೊಸೆದದ್ದು ಮಾತ್ರ ಎಂದೂ ಗಿಡ್ಡ ಆಗಲ್ಲ."

ಒಬ್ಬರ ಮಾತು ಕೇಳಿ ಇನ್ನೊಬ್ಬರಿಗೆ ಶಿಕ್ಷೆ ಕೊಡೋದು ಧರ್ಮವಲ್ಲ ಅಂದುಕೊಂಡಳು ರಾಣಿ. ಈರಕ್ಕನಿಂದ ಒಂದು ಹಗ್ಗ ತರಿಸಿಕೊಂಡಳು.

ಮೊದಲು ಅದಕ್ಕೆ ಅರಿಶಿನ ಸವರಿಸಿ, "ನಿನ್ನ ಭಾವಮೈದನದು" ಅಂತ ಕಳಿಸಿದಳು. ಗುರುಮಲ್ಲ ಬೆರಳು ಮಡಿಸಿ ಅಳೆದ. "ನಲವತ್ತೆರಡು!"

ಆಮೇಲೆ ಕೆಮ್ಮಣ್ಣು ಬಳಿಸಿ, "ಈರಕ್ಕನದು" ಅಂತ ಕಳಿಸಿದಳು. ಬೆರಳು ನೀಡಿ, ತೋಳು ಎಳೆದು ಅಳೆದ. "ಮೂವತ್ತಾರು. ತಳ್ಳಿಹಾಕಿ."

ಕಡೆಗೆ ಮಸಿ ಹಚ್ಚಿಸಿ, ತಾನೇ ಎದುರಿಗೆ ಕೂತಳು.

"ಇದು ಯಾರದು ತಾಯಿ?"

"ಯಾರದಾದರೇನು? ಅಳೆ."

ಗುರುಮಲ್ಲ ಒಂದು ಸಲ ಬೆರಳು ಮಡಿಸಿ, ಒಂದು ಸಲ ನೀಡಿ ಅಳೆದ. ಹಗ್ಗ ನೋಡಿದ, ರಾಣಿಯ ಮುಖ ನೋಡಿದ. "ಮೂವತ್ತೊಂಬತ್ತು... ಇರಬಹುದು."

ರಾಣಿ ಹಗ್ಗದ ಹುರಿ ಬಿಚ್ಚಿದಳು. ಮಸಿಯ ಕೆಳಗೆ ಕೆಮ್ಮಣ್ಣು, ಕೆಮ್ಮಣ್ಣಿನ ಕೆಳಗೆ ಅರಿಶಿನ.

"ಹಗ್ಗ ಒಂದೇ, ತೋಳು ಒಂದೇ. ಅಳತೆ ಮೂರು ಹೇಗಾಯಿತು? ಬೊಮ್ಮನಿಗೆ ಎಟುಕದ ಹಗ್ಗ ಯಾರದು?"

ಗುರುಮಲ್ಲ ಕುಸಿದು ಕೂತ. "ಭಾವಮೈದನದು ತಾಯಿ."

ಇಬ್ಬರನ್ನೂ ರಾಜ್ಯದಿಂದ ಹೊರಗೆ ಹಾಕಿದರು. ಬಾವಿಕಟ್ಟೆಯ ಕಲ್ಲಲ್ಲಿ ರಾಣಿ ಒಂದು ಮೊಳ ಕೆತ್ತಿಸಿದಳು. ಪ್ರತಿ ಹಗ್ಗವನ್ನೂ ಇಬ್ಬರು ಬೇರೆ ಬೇರೆಯಾಗಿ ಅಳೆಯಬೇಕು, ಅದು ಯಾರದು ಅಂತ ಇಬ್ಬರಿಗೂ ತಿಳಿಯಬಾರದು ಅಂತ ಡಂಗುರ ಹೊಡೆಸಿದಳು.

ಆಮೇಲೆ ಬೊಮ್ಮನ ಹೆಂಡತಿಯ ಗುಡಿಸಲಿಗೆ ನಡೆದುಕೊಂಡೇ ಹೋದಳು.

"ಗುರುಮಲ್ಲ ಸುಳ್ಳು ಅಳೆದ ಕಣಮ್ಮ. ಅಳೆಯೋನನ್ನು ನಾನು ಪರೀಕ್ಷೆ ಮಾಡಲಿಲ್ಲ."

"ಮುಂಚೆಯೇ ಮಾಡಬಹುದಿತ್ತಲ್ಲ ತಾಯಿ" ಅಂದಳು ಅವಳು.

ರಾಣಿ ಹೊಸಿಲ ಮೇಲೆ ಅವಳ ಪಕ್ಕದಲ್ಲೇ ಕೂತಳು.

ಅದಕ್ಕೇ ಮಕ್ಕಳೇ, ಅಳತೆಯನ್ನು ನಂಬುವ ಮೊದಲು ಅಳೆಯುವ ಕೈಯನ್ನು ಒರೆಗೆ ಹಚ್ಚಬೇಕು. ಜೀವ ಹೋದ ಮೇಲೆ ಅಳೆದರೆ ಹಗ್ಗ ಉದ್ದವಾಗೋದಿಲ್ಲ.