ಕೆಂಡ ಆರದಷ್ಟು ದೂರ

ಈ ಕಥೆಯನ್ನು ಸರಿಯಾಗಿ ಹೇಳಲು ನನಗೆ ಬರುವುದಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಇದು ಬೆಂಕಿಪೆಟ್ಟಿಗೆ ಇಲ್ಲದ ಕಾಲದ್ದು. ಒಲೆ ಆರಿದರೆ ಪಕ್ಕದ ಮನೆಯಿಂದ ಕೆಂಡ ತರಬೇಕಿತ್ತು. ಇಷ್ಟು ನೆನಪಿಟ್ಟುಕೊಂಡರೆ ಉಳಿದದ್ದು ಸುಲಭ.

ಹೊಳೆದಂಡೆಯ ಆ ಊರಿನಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಹಿಂದಿನ ದಿಬ್ಬದ ಮೇಲೆ ಕಣ್ಣು ಹಾಯುವಷ್ಟು ಬಯಲು. ಒಂದು ಗುಡಿಸಲೂ ಇಲ್ಲ.

ಆ ವರ್ಷ ಹೊಳೆ ಉಕ್ಕಿತು. ಮನೆ ಕಳೆದುಕೊಂಡವರು ಮಠದ ಅಂಗಳ ಸೇರಿದರು. ಅವರಿಗೆ ಬಯಲಿನಲ್ಲಿ ನೆಲೆ ಮಾಡಿಕೊಡುವ ಕೆಲಸವನ್ನು ಅಜ್ಜಾರು, ಅಂದರೆ ಮಠದ ಗುರುಗಳು, ಶಿಷ್ಯ ಮರುಳಯ್ಯನಿಗೆ ವಹಿಸಿದರು.

ಮರುಳಯ್ಯ ಬಯಲಿನ ತುಂಬ ಸಮನಾಗಿ ಗೂಟ ಹೊಡೆದು ಬಂದ. ಗೂಟಕ್ಕೊಂದು ಮನೆ. ಒಂದರ ಬಳಿ ನಿಂತರೆ ಇನ್ನೊಂದು ಚುಕ್ಕಿಯಂತೆ ಕಾಣುತ್ತಿತ್ತು.

ಮಠದ ಅಂಗಳದಿಂದ ಯಾರೂ ಏಳಲಿಲ್ಲ.

"ನಾವು ಹೊಳಿ ದಂಡಿಗೇ ಹೋಗ್ತೀವ್ರಿ," ಎಂದಳು ಕಾಳವ್ವ, ಉಳಿದ ಒಂದೇ ಮಡಕೆಯನ್ನು ಕಂಕುಳಲ್ಲಿಟ್ಟುಕೊಂಡು.

ಮರುಳಯ್ಯ ಗುರುಗಳ ಬಳಿ ಓಡಿದ. ಮತ್ತೆ ನೆರೆ ಬಂದರೆ?

"ಅಜ್ಜಾರ, ಇಷ್ಟು ಭೂಮಿ ಖಾಲಿ ಬಿದ್ದೈತಿ. ಎಲ್ಲಾರಿಗೂ ಸಮ ಹಂಚೀನಿ. ಇವರು ನೋಡಿದ್ರ ಒತ್ಕೊಂಡೇ ಸಾಯ್ತೀವಿ ಅಂತಾರ!"

"ಮೊದಲನೇ ಗೂಟದಾಗ ಒಲಿ ಹೂಡು. ಅಲ್ಲಿಂದ ಕೆಂಡ ಒಯ್ದು ಎರಡನೇ ಗೂಟದಾಗ ನನಗ ಗಂಜಿ ಕಾಸು," ಎಂದ ಗುರುಗಳು ಎಲ್ಲರನ್ನೂ ಬಯಲಿಗೆ ಕರೆತಂದು ಮೊದಲನೇ ಗೂಟದ ಬಳಿ ಕೂತರು.

ಮರುಳಯ್ಯ ಹೆಂಚಿನ ಚೂರಿನಲ್ಲಿ ಕೆಂಡ ಹಿಡಿದು ನಡೆದ. ಬಯಲ ಗಾಳಿ. ಎರಡನೇ ಗೂಟ ಮುಟ್ಟುವಾಗ ಉಳಿದದ್ದು ಬೂದಿ. ವಾಪಸು ಬಂದು ಈ ಸಲ ಓಡಿದ. ಮತ್ತೆ ಬೂದಿ. ಅದನ್ನೇ ಹಿಡಿದು ಮರಳಿದ.

ಕಾಳವ್ವ ನೋಡುತ್ತಿದ್ದಳು. "ಏನ್ರೀ ಸ್ವಾಮಿ, ಬಯಲಿಗೆಲ್ಲ ವಿಭೂತಿ ಹಂಚಾಕ ಹೊಂಟೀರೇನು?"

ಎಲ್ಲರೂ ನಕ್ಕರು. ನೆರೆ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಮರುಳಯ್ಯನೂ ನಕ್ಕ. ಆಮೇಲೆ ಹೋಗಿ ಎರಡನೇ ಗೂಟ ಕಿತ್ತು ತಂದ. ಮತ್ತೆ ಕೆಂಡ ಹಿಡಿದು ನಡೆದು, ಅದು ಇನ್ನೂ ಕೆಂಪಗಿರುವಾಗಲೇ ನಿಂತು, ಅಲ್ಲೇ ಗೂಟ ಹೊಡೆದ.

ಕಾಳವ್ವ ಹೋಗಿ ಆ ಗೂಟದ ಬಳಿ ಮಡಕೆ ಇಳಿಸಿ, ಮೂರು ಕಲ್ಲು ಹುಡುಕತೊಡಗಿದಳು.

ಅವಳ ಒಲೆಗೆಂದು ಹೊಸ ಕೆಂಡ ತುಂಬಿಕೊಳ್ಳುತ್ತ ಮರುಳಯ್ಯ ಕೇಳಿದ: "ಅಜ್ಜಾರ, ಹಿಂಗಾದ್ರ ಆಚಿ ಬಯಲೆಲ್ಲ ಖಾಲಿನೇ ಉಳಿತೈತಲ್ಲ?"

"ಕಾಳವ್ವನ ಒಲಿಯಾಗೂ ಕೆಂಡ ಇರ್ತಾವ. ಅಲ್ಲಿಂದ ಅಕಿ ಮಗಳು ಇಷ್ಟ ದೂರ ಒಯ್ತಾಳ. ಆ ಮಗಳ ಒಲಿಯಿಂದ..."

"ಅಜ್ಜಾರ!" ಆಚೆಯಿಂದ ಕಾಳವ್ವ ಕೂಗಿದಳು. "ಕಲ್ಲು ಹೂಡೀನಿ, ಲಗೂನ ಬರ್ರಿ!"

ಗುರುಗಳು ಮಾತು ಅಲ್ಲಿಗೇ ಬಿಟ್ಟು ಎದ್ದರು.

"ಆ ಮಗಳ ಒಲಿಯಿಂದ? ಮುಂದ ಹೇಳ್ರಿ ಅಜ್ಜಾರ."

"ಕೆಂಡ ನಿನ್ನ ಕೈಯಾಗೈತಿ, ತಮ್ಮಾ. ನಡಿ."